ಮಾತು ಯಾಕೆ ಚುಚ್ಚುತ್ತದೆ?

ದಿನವೂ ಕಿವಿಗೆ ಬೀಳುವ ಸಾವಿರಾರು ಮಾತುಗಳಲ್ಲಿ ಹೆಚ್ಚಿನವು ಬಂದ ಹಾಗೆಯೇ ಹೋಗುತ್ತವೆ. ಆದರೆ ಕೆಲವು ಮಾತುಗಳು ಬೈಗುಳವಲ್ಲದಿದ್ದರೂ, ಸುಳ್ಳಲ್ಲದಿದ್ದರೂ, ಕೇಳಿದವರ ಹುಬ್ಬು ಗಂಟಿಕ್ಕಿಸಿ, ಆಡಿದವರು ಮರೆತ ಮೇಲೂ ಕೇಳಿದವರ ಮನಸ್ಸಿನಲ್ಲಿ ಉಳಿದುಬಿಡುತ್ತವೆ. "ನಾ ಆಗ ಹೇಳಿದ್ದೆ", "ನಾಳಿ ಬರ್ರಿ", "ಅಷ್ಟ್ಯಾಕ ಸಿಟ್ಟ ಮಾಡ್ತಿ?", "ನಮ್ಮ ಕಾಲದಾಗ ಹಿಂಗ ಇರಲಿಲ್ಲ" ಎಂಬಂಥ ಮಾತುಗಳಲ್ಲಿ ಒಂದೇ ಒಂದು ಕೆಟ್ಟ ಪದವಿಲ್ಲ. ಆದರೂ ಅವು ತರುವ ಕಿರಿಕಿರಿ ಎಲ್ಲರಿಗೂ ಗೊತ್ತಿರುವಂಥದ್ದು. ಆ ಕಿರಿಕಿರಿ ಪದದ ಸದ್ದಿನಲ್ಲಿದೆಯೋ, ಅರ್ಥದಲ್ಲಿದೆಯೋ, ಆಡುವವರ ಮತ್ತು ಕೇಳುವವರ ನಡುವಿನ ಸಂಬಂಧದಲ್ಲಿದೆಯೋ ಎಂಬುದು ಭಾಷಾವಿಜ್ಞಾನ ಮತ್ತು ಮನೋವಿಜ್ಞಾನಗಳೆರಡೂ ಕಳೆದ ಕೆಲವು ದಶಕಗಳಿಂದ ಹುಡುಕುತ್ತ ಬಂದಿರುವ ಪ್ರಶ್ನೆ.

ಹಿಂದೆ ಗೋಕಾಕ ತಾಲ್ಲೂಕಿನಲ್ಲಿದ್ದು ಈಗ ಮೂಡಲಗಿ ತಾಲ್ಲೂಕಿಗೆ ಸೇರಿರುವ ಕುಲಗೋಡ ಈ ಪ್ರಶ್ನೆಯನ್ನು ಎತ್ತಿಕೊಳ್ಳಲು ತಕ್ಕ ಊರು. ಉತ್ತರ ಕರ್ನಾಟಕದ ಸಣ್ಣಾಟಗಳಲ್ಲಿ ಹೆಸರಾದ ಶ್ರೀಕೃಷ್ಣ ಪಾರಿಜಾತವನ್ನು ರಂಗಕ್ಕೆ ಒಗ್ಗಿಸಿ ಬೆಳೆಸಿದ ಕುಲಗೋಡ ತಮ್ಮಣ್ಣನ ಊರು ಇದು. ಆ ಆಟವನ್ನು ನಾಡಿನಾದ್ಯಂತ ಮೆರೆಸಿದ ಕಲಾವಿದೆ ಕೌಜಲಗಿ ನಿಂಗಮ್ಮನ ಕೌಜಲಗಿಯೂ ಇದೇ ಸೀಮೆಯದು. ನಾರದ ತಂದ ಪಾರಿಜಾತದ ಹೂವು ರುಕ್ಮಿಣಿಯ ಪಾಲಾಯಿತೆಂಬ ಸುದ್ದಿ ಮುಟ್ಟಿದೊಡನೆ ಸತ್ಯಭಾಮೆ ಉರಿದೇಳುವುದೇ ಆ ಆಟದ ತಿರುಳು. ಸತ್ಯಭಾಮೆಗೆ ಹೂವಿನ ಕೊರತೆಯೇನೂ ಇರಲಿಲ್ಲ. ಯಾರು ಮೊದಲು, ಯಾರು ನಂತರ ಎಂಬುದನ್ನು ಆ ಸುದ್ದಿ ಬಾಯಿಬಿಟ್ಟು ಹೇಳದೆಯೇ ಹೇಳಿತ್ತು. ರಾತ್ರಿಯಿಡೀ ನಡೆಯುವ ಆಟದಲ್ಲಿ ಭಾಗವತ ಮತ್ತು ದೂತಿ ಈ ಸೀಮೆಯ ಆಡುಮಾತಿನಲ್ಲಿಯೇ ಕೆಣಕು, ಚುಚ್ಚು, ಮರುಮಾತುಗಳನ್ನು ಬೆಳೆಸುವಾಗ ನೆರೆದ ಜನ ಪ್ರತಿಯೊಂದರ ಮೊನಚನ್ನೂ ಹಿಡಿಯುತ್ತಾರೆ. ಮಾತು ಮನುಷ್ಯನಿಗೆ ಒಂದು ಸ್ಥಾನವನ್ನು ಕೊಡುತ್ತದೆ ಅಥವಾ ಕಿತ್ತುಕೊಳ್ಳುತ್ತದೆ ಎಂಬ ತಿಳಿವಳಿಕೆ ಈ ಜನರಿಗೆ ಹೊಸದಲ್ಲ, ವಿಜ್ಞಾನ ಅದನ್ನು ಅಳೆದು ತೋರಿಸಲು ಹೊರಟಿದ್ದಷ್ಟೇ ಹೊಸದು.

ಸದ್ದೋ, ಅರ್ಥವೋ?

ಕೆಲವು ಪದಗಳನ್ನು ಕೇಳಿದರೆ ಮೈ ಜುಮ್ಮೆನ್ನುತ್ತದೆ ಎನ್ನುವವರು ಎಲ್ಲ ಭಾಷೆಗಳಲ್ಲೂ ಇದ್ದಾರೆ. ಇಂಗ್ಲಿಷಿನಲ್ಲಿ 'ಮಾಯ್ಸ್ಟ್', ಅಂದರೆ ತೇವವಾದದ್ದು ಎಂಬ ಪದ ಇದಕ್ಕೆ ಕುಖ್ಯಾತವಾದದ್ದು. ಅಮೆರಿಕದ ಓಬರ್ಲಿನ್ ಕಾಲೇಜಿನ ಪಾಲ್ ತಿಬೋಡೋ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಯೋಗಕ್ಕೆ ಬಂದವರಲ್ಲಿ ಶೇ. 10ರಿಂದ 20ರಷ್ಟು ಜನರಿಗೆ ಆ ಪದ ನಿಜವಾಗಿಯೂ ಹೇಸಿಗೆ ತರುತ್ತದೆ ಎಂದು ಕಂಡುಬಂದಿತು. ಅದರ ಉಚ್ಚಾರವೇ ಅಸಹ್ಯವೆಂದು ಅನೇಕರು ಹೇಳಿದರೂ, ಅದೇ ಬಗೆಯ ಸದ್ದುಗಳುಳ್ಳ ಬೇರೆ ಪದಗಳು ಅವರಿಗೆ ಏನೂ ಅನ್ನಿಸಲಿಲ್ಲ. ದೇಹದ ಸ್ರಾವಗಳನ್ನು ಸೂಚಿಸುವ ಪದಗಳ ಬಗ್ಗೆ ಮುಜುಗರಪಡುವವರೇ ಈ ಪದಕ್ಕೂ ಮುಖ ಸಿಂಡರಿಸಿದ್ದರು. ಕೇಳುಗರು ಕಾರಣವನ್ನು ಸದ್ದಿಗೆ ಅಂಟಿಸಿದರೂ ನಿಜವಾದ ಕಾರಣ ಅರ್ಥದ ನಂಟಿನಲ್ಲಿತ್ತು.

ಸದ್ದಿನಿಂದಲೇ ಹುಟ್ಟುವ ಕಿರಿಕಿರಿ ಇಲ್ಲವೆಂದಲ್ಲ. ಜಗಿಯುವ, ಸೊರ್ರೆಂದು ಕುಡಿಯುವ ಸದ್ದುಗಳನ್ನು ತಾಳಲಾರದ ಸ್ಥಿತಿಗೆ ಮಾರ್ಗರೆಟ್ ಮತ್ತು ಪಾವೆಲ್ ಜಾಸ್ಟ್ರೆಬಾಫ್ ಎಂಬ ಸಂಶೋಧಕರು 2001ರಲ್ಲಿ 'ಮಿಸೊಫೋನಿಯಾ' ಎಂದು ಹೆಸರಿಟ್ಟರು. ಆದರೆ ಅದು ಸದ್ದಿನ ಬಾಧೆ. ಪದಗಳ ಕಿರಿಕಿರಿಗೆ ಅರ್ಥವೂ ಬೇಕು, ಆಡುವ ಮನುಷ್ಯನೂ ಬೇಕು. ಹಾಗಿದ್ದೂ ಮೆದುಳು ಆ ಅರ್ಥವನ್ನು ನಿಧಾನವಾಗಿ ತೂಗಿ ನೋಡುವವರೆಗೆ ಕಾಯುವುದಿಲ್ಲ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಮರೈನ್ ಸ್ಟ್ರೈಕ್ಸ್ಮಾ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 79 ಮಹಿಳೆಯರಿಗೆ ಹೊಗಳಿಕೆ, ತೆಗಳಿಕೆ ಮತ್ತು ಸಾಮಾನ್ಯ ವಾಕ್ಯಗಳನ್ನು ಮತ್ತೆ ಮತ್ತೆ ಓದಿಸಿ, ಅವರ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿದರು. ತೆಗಳುವ ಪದ ಕಣ್ಣಿಗೆ ಬಿದ್ದು ಸುಮಾರು ಕಾಲು ಸೆಕೆಂಡಿನೊಳಗೆ ಮೆದುಳು ಅದರತ್ತ ಹೆಚ್ಚಿನ ಗಮನ ಹರಿಸುತ್ತಿತ್ತು. ಎಷ್ಟು ಸಲ ಓದಿಸಿದರೂ ಆ ಮೊದಲ ಎಚ್ಚರ ಮಂಕಾಗಲಿಲ್ಲ. ಎದುರಿಗೆ ಬೈಯುವ ಮನುಷ್ಯನೇ ಇಲ್ಲದ ಪ್ರಯೋಗಶಾಲೆಯಲ್ಲಿ ಹೀಗಾಗುವುದಾದರೆ, ಮನೆಯಲ್ಲಿ, ಓಣಿಯಲ್ಲಿ, ಪರಿಚಿತರ ಬಾಯಿಂದ ಬಂದ ಮಾತಿನ ಪೆಟ್ಟು ಹೇಗಿರಬಹುದೆಂದು ಊಹಿಸುವುದು ಕಷ್ಟವಲ್ಲ.

'ಬಾ' ಮತ್ತು 'ಬರ್ರಿ'ಗಳ ನಡುವೆ

ಮಾತು ಸ್ಥಾನವನ್ನು ಕೊಡುವ ಬಗೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಕರೆಯುವ ರೀತಿಯಲ್ಲಿ. ಕುಲಗೋಡ ಸೀಮೆಯಲ್ಲಿ ಒಬ್ಬರನ್ನು ಬರಹೇಳುವುದಕ್ಕೆ 'ಬಾ', 'ಬಾರೋ', 'ಬಾರಲೇ', 'ಬಾರಪಾ', 'ಬಾರವಾ', 'ಬರ್ರಿ' ಎಂಬ ರೂಪಗಳಿವೆ. ಕೆಲಸ ಎಲ್ಲಕ್ಕೂ ಒಂದೇ ಆದರೂ, ವಯಸ್ಸು, ಸಲಿಗೆ, ಅಂತಸ್ತು, ಆ ಹೊತ್ತಿನ ಮನಃಸ್ಥಿತಿ ಎಲ್ಲವೂ ಆ ಒಂದು ಕ್ರಿಯಾಪದದ ಬಾಲದಲ್ಲಿ ಅಡಗಿವೆ. ಸರೀಕ ಗೆಳೆಯರ ನಡುವಿನ 'ಯಾಕಲೇ' ಎಂಬುದು ಪ್ರೀತಿಯ ಗುರುತು. ಗುರುತಿಲ್ಲದವನ ಬಾಯಲ್ಲಿ ಅದೇ ಮಾತು ಜಗಳಕ್ಕೆ ನಾಂದಿ. ತಾಯಿಯನ್ನು 'ಅವ್ವಾ, ನೀ ಬಾ' ಎಂದು ಕರೆಯುವ ಮಗ ಅಗೌರವ ತೋರುತ್ತಿಲ್ಲ. ಊರಿನ ಹಿರಿಯ ಕೂಲಿಕಾರನೊಬ್ಬನನ್ನು ಹರೆಯದ ಹುಡುಗ ಅದೇ 'ನೀ ಬಾ'ದಿಂದ ಕರೆದಾಗ ಮಾತ್ರ ಅಗೌರವ ಎದ್ದು ಕಾಣುತ್ತದೆ.

ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ 1960ರ ಪ್ರಸಿದ್ಧ ಪ್ರಬಂಧದಲ್ಲಿ ಯುರೋಪಿನ ಭಾಷೆಗಳ ಏಕವಚನ ಮತ್ತು ಬಹುವಚನದ ಸಂಬೋಧನೆಗಳನ್ನು ಪರಿಶೀಲಿಸಿ, ಅವುಗಳ ಹಿಂದೆ ಎರಡು ತತ್ತ್ವಗಳಿವೆ ಎಂದರು. ಒಂದು ಅಧಿಕಾರ, ಇನ್ನೊಂದು ಆಪ್ತತೆ. ಇಬ್ಬರೂ ಪರಸ್ಪರ 'ನೀ' ಎಂದರೆ ಅಥವಾ ಇಬ್ಬರೂ 'ನೀವು' ಎಂದರೆ ಅದು ಸಮಾನರ ಸಂಬಂಧ. ಒಬ್ಬರು 'ನೀ' ಎಂದು ಕೊಟ್ಟು 'ನೀವು' ಎಂದು ಪಡೆದರೆ ಅದು ಮೇಲು ಕೀಳಿನ ಸಂಬಂಧ. ಕನ್ನಡದ ಹಳ್ಳಿಗಳಲ್ಲಿ ವಯಸ್ಸಿಗೆ ಸಲ್ಲಬೇಕಾದ ಬಹುವಚನ ಜಾತಿಯ ಕಾರಣಕ್ಕೆ, ಬಡತನದ ಕಾರಣಕ್ಕೆ ಸಲ್ಲದೇ ಹೋದ ದೀರ್ಘ ಇತಿಹಾಸವಿದೆ. ಆದ್ದರಿಂದ ಏಕವಚನದ ಕರೆಗೆ ಸಿಡಿಮಿಡಿಗೊಳ್ಳುವುದನ್ನು ಅತಿಸೂಕ್ಷ್ಮತೆ ಎಂದು ತಳ್ಳಿಹಾಕುವುದು ತಪ್ಪು; ಸಲ್ಲಬೇಕಾದದ್ದು ಸಲ್ಲಲಿಲ್ಲ ಎಂಬುದನ್ನು ಮನಸ್ಸು ಸರಿಯಾಗಿಯೇ ಗುರುತಿಸಿರುತ್ತದೆ.

ನಂಟಿನ ಪದಗಳಲ್ಲಿಯೂ ಇದೇ ಲೆಕ್ಕಾಚಾರ ನಡೆಯುತ್ತದೆ. ಕಾಕಾ, ಮಾಮಾ, ಅಣ್ಣಾ, ಅಕ್ಕಾ, ವೈನಿ ಎಂದು ಪರಿಚಯವಿಲ್ಲದವರನ್ನೂ ಒಳಕ್ಕೆ ಕರೆದುಕೊಳ್ಳುವ ಈ ಸೀಮೆಯಲ್ಲಿ 'ಅಂಕಲ್', 'ಆಂಟಿ' ಎಂಬ ಕರೆಗಳು ಅನೇಕರಿಗೆ ಮುಳ್ಳಿನಂತೆ ತಾಗುತ್ತವೆ. 'ಅಕ್ಕಾ' ಎಂಬ ಪದ ವಯಸ್ಸಿನ ಜೊತೆಗೆ ನಂಟನ್ನೂ ಕೊಡುತ್ತದೆ. 'ಆಂಟಿ' ಎಂಬುದು ನಂಟನ್ನು ಕೊಡದೆ ವಯಸ್ಸನ್ನಷ್ಟೇ ಹೊರಿಸುತ್ತದೆ ಎಂಬ ಭಾವನೆ ಅದರ ಹಿಂದಿದೆ.

ಸ್ವಾತಂತ್ರ್ಯ ಕಸಿಯುವ ಸಮಾಧಾನ, ಅನುಭವ ಕಸಿಯುವ ಬುದ್ಧಿವಾದ

ಸಿಟ್ಟಿಗೆದ್ದವರಿಗೆ "ಸಿಟ್ಟ ಮಾಡಬ್ಯಾಡ" ಎಂದರೆ ಸಿಟ್ಟು ಇಳಿಯುವ ಬದಲು ಏರುವುದು ಎಲ್ಲರೂ ಕಂಡ ಸಂಗತಿ. ಇದಕ್ಕೆ ಅಮೆರಿಕದ ಮನೋವಿಜ್ಞಾನಿ ಜ್ಯಾಕ್ ಬ್ರೆಮ್ 1966ರಲ್ಲಿ ಮಂಡಿಸಿದ ಪ್ರತಿರೋಧ ಸಿದ್ಧಾಂತ ಒಂದು ವಿವರಣೆ ಕೊಡುತ್ತದೆ. ತನ್ನದೆಂದು ನಂಬಿದ ಸ್ವಾತಂತ್ರ್ಯಕ್ಕೆ ಯಾರಾದರೂ ಕೈಹಾಕಿದರೆ, ಅದನ್ನು ಮರಳಿ ಪಡೆಯುವ ತವಕ ಮನಸ್ಸಿನಲ್ಲಿ ತಾನಾಗಿಯೇ ಹುಟ್ಟುತ್ತದೆ ಎಂಬುದು ಅದರ ಸಾರ. ಏನನ್ನು ಅನುಭವಿಸಬೇಕು ಎಂಬುದು ಮನುಷ್ಯನ ಅತ್ಯಂತ ಖಾಸಗಿ ಸ್ವಾತಂತ್ರ್ಯವಾದ್ದರಿಂದ, ಅದರ ಮೇಲಿನ ಆಜ್ಞೆ, ಅದು ಎಷ್ಟೇ ಮೃದುವಾಗಿರಲಿ, ಕೆಣಕುತ್ತದೆ. ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಮೆದುಳಿನ ಸ್ಕ್ಯಾನ್ ಅಧ್ಯಯನವೊಂದು ಬೇರೊಂದು ದಾರಿಯನ್ನು ಸೂಚಿಸುತ್ತದೆ. ಚಿತ್ರದಲ್ಲಿರುವ ಮುಖದ ಭಾವನೆಗೆ ತಕ್ಕ ಹೆಸರಿಟ್ಟಾಗ, ಭಯ ಮತ್ತು ಅಪಾಯಗಳಿಗೆ ಸ್ಪಂದಿಸುವ ಅಮಿಗ್ಡಲಾ ಎಂಬ ಮೆದುಳಿನ ಭಾಗದ ಚಟುವಟಿಕೆ ತಗ್ಗಿತು. ಊರಿನ ಹಿರಿಯರು ಜಗಳ ಬಿಡಿಸುವಾಗ "ನಿನಗ ಭಾಳ ಬ್ಯಾಸರ ಆಗೇತಿ, ಹೌದು" ಎಂದು ಆರಂಭಿಸುವ ರೀತಿ ಈ ದಾರಿಗೆ ಹತ್ತಿರವಾದದ್ದು.

"ನಾ ಆಗ ಹೇಳಿದ್ದೆ" ಎಂಬುದು ಇನ್ನೊಂದು ಬಗೆಯ ಕಿರಿಕಿರಿ. ಬಾರೂಕ್ ಫಿಶಾಫ್ 1975ರ ಪ್ರಯೋಗದಲ್ಲಿ 19ನೆಯ ಶತಮಾನದ ಆರಂಭದ ಬ್ರಿಟಿಷ್ ಮತ್ತು ಗೂರ್ಖಾ ಸಂಘರ್ಷದ ವಿವರಣೆಯನ್ನು ಓದಲು ಕೊಟ್ಟು, ಒಂದೊಂದು ಗುಂಪಿಗೆ ಒಂದೊಂದು ಫಲಿತಾಂಶವೇ ನಿಜವೆಂದು ತಿಳಿಸಿದರು. ಪ್ರತಿಯೊಂದು ಗುಂಪೂ ತನಗೆ ತಿಳಿಸಿದ ಫಲಿತಾಂಶವೇ ಮೊದಲಿನಿಂದ ಹೆಚ್ಚು ಸಂಭವನೀಯವಾಗಿತ್ತೆಂದು ನಂಬಿತು. ನಡೆದ ಮೇಲೆ ಎಲ್ಲವೂ ಮೊದಲೇ ಗೊತ್ತಿತ್ತೆಂದು ತೋರುವ ಈ ಭ್ರಮೆಗೆ ಹಿನ್ನೋಟದ ಪಕ್ಷಪಾತ ಎನ್ನುತ್ತಾರೆ. ಬೋರ್‌ವೆಲ್ ಕೊರೆಸಿ ನೀರು ಬೀಳದ ರೈತನಿಗೆ "ಅಲ್ಲಿ ನೀರಿಲ್ಲಂತ ನನಗ ಗೊತ್ತಿತ್ತು" ಎನ್ನುವ ನೆರೆಯವನು ಸುಳ್ಳು ಹೇಳುತ್ತಿಲ್ಲ. ಅವನ ನೆನಪೇ ಫಲಿತಾಂಶ ಗೊತ್ತಾದ ಮೇಲೆ ತನ್ನನ್ನು ತಿದ್ದಿಕೊಂಡಿರುತ್ತದೆ. ಕೇಳುವ ರೈತನಿಗೆ ಮಾತ್ರ, ಕತ್ತಲೆಯಲ್ಲಿ ತಾನು ತೆಗೆದುಕೊಂಡ ಕಷ್ಟದ ನಿರ್ಧಾರವನ್ನು ಬೆಳಕಿನಲ್ಲಿ ನಿಂತವನೊಬ್ಬ ಅಳೆದಂತಾಗುತ್ತದೆ. ನಷ್ಟದ ಮೇಲೆ ದಡ್ಡತನದ ಹೊರೆಯೂ ಬೀಳುತ್ತದೆ.

"ನಮ್ಮ ಕಾಲದಾಗ ಹಿಂಗ ಇರಲಿಲ್ಲ" ಎಂಬ ಮಾತಿಗೂ ನೆನಪಿನ ಇಂಥದೇ ವಕ್ರತೆ ಕಾರಣ. ಜಾನ್ ಪ್ರಾಟ್ಸ್ಕೊ ಮತ್ತು ಜೊನಾಥನ್ ಸ್ಕೂಲರ್ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ಓದಿಕೊಂಡ ಹಿರಿಯರು ಇಂದಿನ ಮಕ್ಕಳಿಗೆ ಓದಿನ ಪ್ರೀತಿ ಇಲ್ಲವೆಂದೂ, ಹಿರಿತನಕ್ಕೆ ಬೆಲೆ ಕೊಡುವವರು ಇಂದಿನ ಮಕ್ಕಳಿಗೆ ಮರ್ಯಾದೆ ಇಲ್ಲವೆಂದೂ ಹೆಚ್ಚಾಗಿ ಹೇಳಿದ್ದು ಕಂಡುಬಂದಿತು. ತಾವು ಇಂದು ಯಾವ ಗುಣದಲ್ಲಿ ಮುಂದಿದ್ದೇವೋ ಆ ಗುಣ ತಮ್ಮ ಬಾಲ್ಯದ ಎಲ್ಲರಲ್ಲೂ ಇತ್ತೆಂದು ಅವರ ನೆನಪು ಹೇಳುತ್ತಿತ್ತು. ಹಿರಿಯರ ಅಕ್ಕರೆಯ ಮಾತು ಕಿರಿಯರಿಗೆ ಅನ್ಯಾಯದ ತೀರ್ಪಿನಂತೆ ಕೇಳುವುದು ಈ ಕಾರಣಕ್ಕೆ.

"ನಾಳಿ ಬರ್ರಿ"

ಹಳ್ಳಿಯ ಜನರನ್ನು ಅತ್ಯಂತ ದಣಿಸಿದ ಮಾತು ಯಾವುದೆಂದರೆ ಕಚೇರಿಯ ಕಿಟಕಿಯಾಚೆಯಿಂದ ಬರುವ "ನಾಳಿ ಬರ್ರಿ" ಎಂಬುದೇ. ಮಾತಿನಲ್ಲಿ ಬಹುವಚನವಿದೆ, ಧ್ವನಿಯಲ್ಲಿ ಒರಟುತನವಿಲ್ಲ. ಆದರೂ ಪಹಣಿಗಾಗಿ, ಅಂದರೆ ಈ ಭಾಗದವರು ಉತಾರ ಎಂದು ಕರೆಯುವ ಕಾಗದಕ್ಕಾಗಿ, ಒಂದು ದಿನದ ಪಗಾರ ಬಿಟ್ಟು ಬಂದವನಿಗೆ ಅದು ಬೈಗುಳಕ್ಕಿಂತ ಕಠಿಣವಾಗಿ ಕೇಳುತ್ತದೆ. ಕಾಯುವಿಕೆಯ ಮನೋವಿಜ್ಞಾನದ ಬಗ್ಗೆ ಡೇವಿಡ್ ಮೈಸ್ಟರ್ 1985ರಲ್ಲಿ ಬರೆದ ಪ್ರಬಂಧದಲ್ಲಿ, ಅವಧಿ ಗೊತ್ತಿಲ್ಲದ ಕಾಯುವಿಕೆ ಅವಧಿ ಗೊತ್ತಿರುವುದಕ್ಕಿಂತ ದೀರ್ಘವೆನಿಸುತ್ತದೆ, ಕಾರಣ ಹೇಳದ ಕಾಯುವಿಕೆ ಕಾರಣ ಹೇಳಿದ್ದಕ್ಕಿಂತ ದೀರ್ಘವೆನಿಸುತ್ತದೆ, ಅನ್ಯಾಯವೆನಿಸಿದ ಕಾಯುವಿಕೆಯೂ ಹಾಗೆಯೇ ಎಂದು ವಿವರಿಸಿದರು. "ನಾಳಿ ಬರ್ರಿ" ಎಂಬ ಎರಡೇ ಪದಗಳಲ್ಲಿ ಈ ಮೂರು ದೋಷಗಳೂ ಸೇರಿವೆ. ನಾಳೆ ಎಂದರೆ ಯಾವ ದಿನ ಎಂಬುದು ತಿಳಿಯುವುದಿಲ್ಲ, ಇಂದು ಏಕೆ ಆಗಲಿಲ್ಲ ಎಂಬುದು ತಿಳಿಯುವುದಿಲ್ಲ, ಎಲ್ಲರಿಗೂ ಇದೇ ಉತ್ತರವೇ ಎಂಬುದೂ ತಿಳಿಯುವುದಿಲ್ಲ.

ಈ ಒಂದು ಮಾತಿನ ವಿರುದ್ಧ ಕರ್ನಾಟಕ ಕಾನೂನನ್ನೇ ಮಾಡಬೇಕಾಯಿತು ಎಂದರೂ ಅತಿಶಯವಲ್ಲ. 2011ರ ನಾಗರಿಕ ಸೇವಾ ಖಾತರಿ ಅಧಿನಿಯಮದ ಅಡಿಯಲ್ಲಿ 2012ರಲ್ಲಿ ಆರಂಭವಾದ 'ಸಕಾಲ' ಯೋಜನೆ ಪ್ರತಿಯೊಂದು ಸೇವೆಗೂ ಇಂತಿಷ್ಟು ದಿನಗಳೆಂದು ನಿಗದಿ ಮಾಡಿ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಯವರೆಗೆ ಪರಿಹಾರ ಪಡೆಯುವ ಹಕ್ಕನ್ನು ಅರ್ಜಿದಾರರಿಗೆ ಕೊಟ್ಟಿತು. ಹಣದ ಮೊತ್ತ ಚಿಕ್ಕದು. ಬದಲಾದದ್ದು ಮಾತಿನ ಸ್ವರೂಪ. ತಾರೀಖು ಬರೆದ ರಸೀದಿ ಕೈಗೆ ಬಂದಾಗ ಕಾಯುವವನು ಬೇಡುವವನಾಗಿ ಉಳಿಯುವುದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಕಬ್ಬು ಬೆಳೆಗಾರರಿಗೂ ಇದೇ ಅನುಭವ ಬೇರೆ ರೂಪದಲ್ಲಿದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪಡೆದ ಕಾರ್ಖಾನೆ 14 ದಿನಗಳೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ. 15ರ ಬಡ್ಡಿ ಸೇರಿಸಬೇಕು. ಇಷ್ಟು ಸ್ಪಷ್ಟವಾದ ಗಡುವು ಬರಹದಲ್ಲಿರುವಾಗ, ಬಿಲ್ ಕೇಳಿದವನಿಗೆ "ಈ ವಾರ ಜಮಾ ಆಗತೈತ್ರಿ" ಎಂಬ ಉತ್ತರ ಬಂದರೆ ಅದು ಗಾಯದ ಮೇಲೆ ಬರೆ ಎಳೆದಂತೆಯೇ ಸರಿ.

ಸವೆದ ಮಾತು, ಸುಮ್ಮನೆ ಆಡುವ ಮಾತು

ಒಂದು ಪದವನ್ನು ಎಡೆಬಿಡದೆ ಹೇಳುತ್ತ ಹೋದರೆ ಸ್ವಲ್ಪ ಹೊತ್ತಿನಲ್ಲಿ ಅದು ಬರೀ ಸದ್ದಾಗಿ ಉಳಿಯುತ್ತದೆ. ಈ ಅನುಭವಕ್ಕೆ ಲಿಯಾನ್ ಜಾಕೊಬೊವಿಟ್ಸ್ 1962ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರೌಢಪ್ರಬಂಧದಲ್ಲಿ ಅರ್ಥಸಂತೃಪ್ತಿ ಎಂಬರ್ಥದ ಹೆಸರಿಟ್ಟರು. ಸಭೆ ಸಮಾರಂಭಗಳಲ್ಲಿ ಮರುಕಳಿಸುವ "ಸಮಯದ ಅಭಾವದಿಂದ", "ನನ್ನ ಎರಡು ಮಾತು ಮುಗಿಸುತ್ತೇನೆ" ಎಂಬಂಥ ನುಡಿಗಟ್ಟುಗಳು ವರ್ಷಗಟ್ಟಲೆ ಬಳಸಿ ಸವೆದದ್ದರಿಂದ ಕೇಳುಗರು ಅವುಗಳಲ್ಲಿ ಅರ್ಥವನ್ನು ಹುಡುಕುವುದನ್ನೇ ಬಿಟ್ಟಿರುತ್ತಾರೆ. ಇದರ ಜೊತೆಗೆ ಕೇಳುಗರ ಗಮನವೂ ಒಂದು ಆಟ ಆಡುತ್ತದೆ. ಒಮ್ಮೆ ಒಂದು ಪದ ಕಿರಿಕಿರಿ ತಂದರೆ, ಆಮೇಲೆ ಅದು ಎಲ್ಲೆಲ್ಲೂ ಕೇಳಿಬರುತ್ತದೆ. ಭಾಷಾವಿಜ್ಞಾನಿ ಆರ್ನಾಲ್ಡ್ ಜ್ವಿಕಿ 2005ರಲ್ಲಿ ಇದನ್ನು ಪುನರಾವರ್ತನೆಯ ಭ್ರಮೆ ಎಂದು ಗುರುತಿಸಿದರು. ಪದದ ಬಳಕೆ ಹೆಚ್ಚಿರುವುದಿಲ್ಲ, ಅದಕ್ಕೆ ಕಾದು ಕುಳಿತ ಕಿವಿ ಮಾತ್ರ ಚುರುಕಾಗಿರುತ್ತದೆ.

'ಅಂದ್ರ', 'ಮತ್ತ', 'ಏನಂತಾರ ಅದಕ್ಕ' ಎಂದು ಮಾತಿನ ನಡುವೆ ತುಂಬಿಕೊಳ್ಳುವ ಪದಗಳ ಮೇಲಿನ ಸಿಟ್ಟಿಗೆ ವಿಜ್ಞಾನದ ಬೆಂಬಲ ಕಡಿಮೆ. ಇಂಗ್ಲಿಷ್ ಸಂಭಾಷಣೆಗಳ ಅಧ್ಯಯನಗಳಲ್ಲಿ ನೂರು ಪದಗಳಿಗೆ ಸುಮಾರು 6 ತಡವರಿಕೆಗಳು ಸಹಜವೆಂದು ಕಂಡುಬಂದಿದೆ. ಹರ್ಬರ್ಟ್ ಕ್ಲಾರ್ಕ್ ಮತ್ತು ಜೀನ್ ಫಾಕ್ಸ್ ಟ್ರೀ 2002ರಲ್ಲಿ ತೋರಿಸಿದಂತೆ, ಇಂಥ ಸದ್ದುಗಳು ಮಾತು ಇನ್ನೂ ಮುಗಿದಿಲ್ಲ, ತುಸು ತಡೆಯಿರಿ ಎಂಬ ಸೂಚನೆಯನ್ನು ಕೇಳುಗರಿಗೆ ಕೊಡುತ್ತವೆ; ತಡವರಿಕೆಯ ನಂತರ ಬಂದ ಪದ ಕೇಳುಗರ ನೆನಪಿನಲ್ಲಿ ಹೆಚ್ಚು ನಿಲ್ಲುತ್ತದೆ ಎಂದು 2007ರ ಮತ್ತೊಂದು ಪ್ರಯೋಗ ತಿಳಿಸಿತು.

"ಊಟಾತೇನ್ರಿ?", "ಮತ್ತೇನ್ರಿ?" ಎಂಬ ಪ್ರಶ್ನೆಗಳದೂ ಹೀಗೆಯೇ. ಮಾನವಶಾಸ್ತ್ರಜ್ಞ ಮಾಲಿನೋವ್ಸ್ಕಿ 1923ರ ಪ್ರಬಂಧದಲ್ಲಿ, ಮಾಹಿತಿಗಾಗಿ ಅಲ್ಲದೆ ಬಾಂಧವ್ಯಕ್ಕಾಗಿಯೇ ಆಡುವ ಮಾತುಗಳು ಎಲ್ಲ ಸಮಾಜಗಳಲ್ಲೂ ಇವೆ ಎಂದು ತೋರಿಸಿದ್ದರು. ನಗರದಲ್ಲಿ ಬೆಳೆದವರಿಗೆ ಮೂಗು ತೂರಿಸಿದಂತೆ ಕೇಳುವ ಪ್ರಶ್ನೆ, ಹಳ್ಳಿಯಲ್ಲಿ ನೀನಿರುವುದು ಗೊತ್ತಿದೆ ಎಂಬ ಭರವಸೆಯಾಗಿರುತ್ತದೆ. ಆದರೆ ಹಳ್ಳಿಯೂ ಇದಕ್ಕೆ ಗಡಿ ಹಾಕಿದೆ. ಹೊರಟು ನಿಂತವರಿಗೆ 'ಎಲ್ಲಿಗೆ' ಎಂದು ಕೇಳಿದರೆ ಕೆಲಸ ಕೆಡುತ್ತದೆಂಬ ನಂಬಿಕೆ ಇರುವುದರಿಂದ, ಬಲ್ಲವರು "ದೂರ ಹೊಂಟೀರೇನ್ರಿ?" ಎಂದು ಕೇಳುತ್ತಾರೆ, ಹೊರಡುವವರು 'ಹೋಗ್ತೀನಿ' ಎನ್ನದೆ 'ಹೋಗಿ ಬರ್ತೀನಿ' ಎನ್ನುತ್ತಾರೆ, ದೀಪ ಆರಿತು ಎನ್ನದೆ ಶಾಂತವಾಯಿತು ಎನ್ನುತ್ತಾರೆ. ಶಕುನದ ನಂಬಿಕೆಯನ್ನು ಒಪ್ಪದವರೂ ಇದರ ಹಿಂದಿನ ಎಚ್ಚರವನ್ನು ಮೆಚ್ಚಬೇಕು.

ದಾರಿ ತಪ್ಪಿದ ಕಿರಿಕಿರಿ

ಇಲ್ಲಿಯವರೆಗಿನ ಹೆಚ್ಚಿನ ಕಿರಿಕಿರಿಗಳಲ್ಲಿ ಕೇಳುಗರ ಪರವಾಗಿ ಹೇಳಬಹುದಾದ ನ್ಯಾಯ ಸಾಕಷ್ಟಿತ್ತು. ಆದರೆ ಇನ್ನೊಂದು ಬಗೆಯ ಕಿರಿಕಿರಿಯಲ್ಲಿ ತಪ್ಪು ಸಂಪೂರ್ಣವಾಗಿ ಕೇಳುಗರದು. ಅದು ಇನ್ನೊಂದು ಸೀಮೆಯ ನುಡಿಯ ಮೇಲಿನ ಅಸಹನೆ. ವಾಲೆಸ್ ಲ್ಯಾಂಬರ್ಟ್ ಮತ್ತು ಸಂಗಡಿಗರು 1960ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆಸಿದ ಪ್ರಯೋಗದಲ್ಲಿ, ಎರಡೂ ಭಾಷೆ ಬಲ್ಲ ಅದೇ ಜನರು ಇಂಗ್ಲಿಷಿನಲ್ಲಿಯೂ ಫ್ರೆಂಚಿನಲ್ಲಿಯೂ ಓದಿದ ಧ್ವನಿಮುದ್ರಣಗಳನ್ನು ಬೇರೆ ಬೇರೆ ವ್ಯಕ್ತಿಗಳದೆಂದು ನಂಬಿಸಿ ಕೇಳಿಸಲಾಯಿತು. ಕೇಳುಗರು ಇಂಗ್ಲಿಷ್ ಧ್ವನಿಗೆ ಹೆಚ್ಚು ಬುದ್ಧಿವಂತಿಕೆಯನ್ನು ಆರೋಪಿಸಿದರು. ಫ್ರೆಂಚ್ ಮಾತೃಭಾಷೆಯವರೂ ಹಾಗೆಯೇ ಮಾಡಿದರು. ಧ್ವನಿ ಒಬ್ಬರದೇ ಆಗಿದ್ದರಿಂದ, ಅಲ್ಲಿ ತೂಗಿದ್ದು ಮಾತನ್ನಲ್ಲ, ಆ ಭಾಷಿಕರ ಬಗ್ಗೆ ಮೊದಲೇ ಇದ್ದ ಅಭಿಪ್ರಾಯವನ್ನು.

ಕನ್ನಡದಲ್ಲಿಯೂ ಇದೇ ನಡೆದಿದೆ. ಬೆಳಗಾವಿ ಸೀಮೆಯ "ಏನ್ರಿ" ಎಂಬ ಗೌರವದ ಮಾತು ದಕ್ಷಿಣದ ಕಿವಿಗೆ ಗದರಿದಂತೆ ಕೇಳಿದ್ದುಂಟು. ಸಿನಿಮಾ ಮತ್ತು ದೂರದರ್ಶನಗಳಲ್ಲಿ ಈ ನುಡಿಯನ್ನು ನಗೆಪಾತ್ರಗಳಿಗೆ ಮೀಸಲಿಟ್ಟದ್ದುಂಟು. ಶಾಲೆಯಲ್ಲಿ ಮಗು 'ಬಂದಾನ' ಎಂದರೆ ತಪ್ಪೆಂದು ತಿದ್ದಿದ್ದುಂಟು. ಆ ರೂಪವನ್ನು ಹತ್ತಿರದಿಂದ ನೋಡಿದರೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಬಂದೀನಿ, ಬಂದಾನ, ಬಂದಾಳ, ಬಂದಾರ, ಬಂದೈತಿ ಎಂದು ಪುರುಷ, ಲಿಂಗ, ವಚನಗಳಿಗೆ ತಕ್ಕಂತೆ ನಿಯಮ ತಪ್ಪದೆ ಬದಲಾಗುವ ಈ ರೂಪ, 'ಬಂದು ಈಗ ಇಲ್ಲಿಯೇ ಇದ್ದಾನೆ' ಎಂಬ ಅರ್ಥವನ್ನು ಒಂದೇ ಪದದಲ್ಲಿ ಹಿಡಿಯುತ್ತದೆ. ಬರಹದ ಕನ್ನಡ ಅದಕ್ಕೆ 'ಬಂದಿದ್ದಾನೆ' ಎನ್ನುತ್ತದೆ ಮತ್ತು 'ಬಂದಾನು' ಎಂಬುದನ್ನು ಬರಬಹುದೆಂಬ ಸಂಭಾವನೆಗೆ ಬಳಸುತ್ತದೆ. ಎರಡು ವ್ಯವಸ್ಥೆಗಳು ಬೇರೆ ಬೇರೆ, ಎರಡೂ ಪೂರ್ಣ. ವಿಲಿಯಂ ಮೆಕ್‌ಕಾರ್ಮ್ಯಾಕ್ 1960ರಲ್ಲಿಯೇ ಧಾರವಾಡ ಕನ್ನಡದ ಸಾಮಾಜಿಕ ಪ್ರಭೇದಗಳನ್ನು ಗುರುತಿಸಿ ಬರೆದಿದ್ದರು. ಈ ನಾಡಿನ ಆಡುನುಡಿಯನ್ನು ಕಾವ್ಯದ ಎತ್ತರಕ್ಕೆ ಏರಿಸಿದ ದ. ರಾ. ಬೇಂದ್ರೆಯವರಿಗೆ 1973ರಲ್ಲಿ ಜ್ಞಾನಪೀಠ ಸಂದಿತು. ಇಷ್ಟಾದ ಮೇಲೂ ಮಗುವೊಂದು ತನ್ನ ಅವ್ವನ ನುಡಿಗೆ ನಾಚುವಂತಾದರೆ ಅದಕ್ಕೆ ವ್ಯಾಕರಣ ಹೊಣೆಯಲ್ಲ, ಕೇಳುವವರ ಅಹಂಕಾರ ಹೊಣೆ.

ಹೀಗೆ ಮಾತಿನ ಕಿರಿಕಿರಿಗೆ ಎರಡು ಬೇರುಗಳಿವೆ. ಕೇಳುವವರ ಗೌರವವನ್ನು, ಸಮಯವನ್ನು, ಅನುಭವವನ್ನು, ಅವರದೇ ಆದ ನಿರ್ಧಾರವನ್ನು ಮಾತು ಕಸಿದುಕೊಂಡಾಗ ಹುಟ್ಟುವ ಕಿರಿಕಿರಿ ನ್ಯಾಯವಾದದ್ದು. 'ನಾಳಿ ಬರ್ರಿ' ಎನ್ನುವ ಬದಲು ತಾರೀಖು ಹೇಳುವುದು, 'ನಾ ಆಗ ಹೇಳಿದ್ದೆ' ಎನ್ನುವ ಬದಲು ಮುಂದೇನು ಮಾಡಬೇಕೆಂದು ಕೂಡಿ ಯೋಚಿಸುವುದು, ದುಡಿಯುವ ಹಿರಿಯರನ್ನು 'ಬರ್ರಿ' ಎಂದು ಕರೆಯುವುದು ಯಾರಿಗೂ ಖರ್ಚಿಲ್ಲದ ತಿದ್ದುಪಡಿಗಳು. ಇನ್ನೊಬ್ಬರ ಊರು, ಜಾತಿ, ವಯಸ್ಸು, ಬಡತನಗಳ ಮೇಲಿನ ತಾತ್ಸಾರ ಅವರ ನುಡಿಯ ಮೇಲಿನ ಸಿಟ್ಟಾಗಿ ವೇಷ ಹಾಕಿದಾಗ ಹುಟ್ಟುವ ಕಿರಿಕಿರಿಗೆ ನ್ಯಾಯವಿಲ್ಲ. ಮೊದಲನೆಯದನ್ನು ಆಡುವವರು ತಿದ್ದಿಕೊಳ್ಳಬೇಕು, ಎರಡನೆಯದನ್ನು ಕೇಳುವವರು.